ಜೇಬಿನಲ್ಲಿ ಬಂದ ಚೂರು

ನಮ್ಮ ಮನೆ ಆರ್‌ಪಿಸಿ ಲೇಔಟ್‌ನಲ್ಲಿ. ಕಳೆದ ಬೇಸಿಗೆ ರಜೆಯಲ್ಲಿ ಮಾಮೂ ಮನೆಗೆಂದು ಚಿತ್ರದುರ್ಗಕ್ಕೆ ಹೋಗಿದ್ದೆವು. ಕೋಟೆ ನೋಡಿಕೊಂಡು ಚಂದ್ರವಳ್ಳಿಗೂ ಹೋದೆವು. ಅಲ್ಲಿ ಮಣ್ಣಿನಲ್ಲಿ ಅರ್ಧ ಹೂತಿದ್ದ ಮಡಕೆ ಚೂರೊಂದು ಕಣ್ಣಿಗೆ ಬಿತ್ತು. ಕೆಂಗಂದು ಬಣ್ಣ, ಮೇಲೆ ಮಾಸಿದ ಬಿಳಿ ಗೆರೆಗಳು. ಯಾರೂ ನೋಡದಂತೆ ಎತ್ತಿ ಜೇಬಿಗೆ ಹಾಕಿಕೊಂಡೆ.

ಮನೆಗೆ ಬಂದು ದಾದಿಗೆ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ನೋಡಿ, "ಅರೇ ಬೇಟಾ, ಇದು ಮೆಹಂದಿಯ ಜಾಲಿ ಅಲ್ವಾ!" ಎಂದರು. ಈದ್‌ನ ಹಿಂದಿನ ರಾತ್ರಿ ನನ್ನ ಅಂಗೈ ಮೇಲೆ ಅವರು ಎಳೆಯುವುದೂ ಇಂಥದ್ದೇ ಅಡ್ಡ, ಉದ್ದ ಗೆರೆಗಳನ್ನು.

ಆಮೇಲೆ ಇದರ ಬಗ್ಗೆ ಹುಡುಕಿ ಓದಿದೆ. ಚಂದ್ರವಳ್ಳಿಯಲ್ಲಿ 1929ರಲ್ಲಿ ಮೈಸೂರು ಪುರಾತತ್ವ ಇಲಾಖೆಯ ಡಾ. ಎಂ.ಎಚ್. ಕೃಷ್ಣ ಅವರು ಉತ್ಖನನ ಮಾಡಿಸಿದ್ದರು. 1947ರಲ್ಲಿ ಮಾರ್ಟಿಮರ್ ವೀಲರ್ ಅಲ್ಲಿಯೂ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿಯೂ ಅಗೆಸಿದರು. ಎರಡೂ ಕಡೆ ಶಾತವಾಹನರ ಕಾಲದ ಚಿತ್ತಾರದ ಮಡಕೆಗಳು ಸಿಕ್ಕವು. ಬಿಳಿ ಬಣ್ಣದಲ್ಲಿ ಗೆರೆ ಎಳೆದು, ಅದರ ಮೇಲೆ ಕಾವಿಯಂಥ ಕೆಂಗಂದು ಲೇಪ ಕೊಡುತ್ತಿದ್ದರಂತೆ. ಹೆಚ್ಚುಕಡಿಮೆ ಎರಡು ಸಾವಿರ ವರ್ಷದ ಕೆಲಸ! ನನ್ನ ಚೂರೂ ಅದೇ ಬಗೆಯದಿರಬಹುದು ಎಂದು ಹಿಗ್ಗಿದೆ.

ಆದರೆ ಮುಂದೆ ಓದಿದ್ದು ನನ್ನನ್ನು ಸುಮ್ಮನಿರಲು ಬಿಡಲಿಲ್ಲ. ಚಂದ್ರವಳ್ಳಿಯಲ್ಲಿ ರೋಮ್ ಚಕ್ರವರ್ತಿ ಟೈಬೀರಿಯಸ್‌ನ ಬೆಳ್ಳಿ ನಾಣ್ಯವೂ ಸಿಕ್ಕಿದೆ. ಮಡಕೆಯ ಮೇಲೆ ತಾರೀಖು ಇರುವುದಿಲ್ಲ. ಯಾವ ಪದರದಲ್ಲಿ, ಯಾವುದರ ಜೊತೆ ಸಿಕ್ಕಿತು ಎಂಬುದರಿಂದಲೇ ಕಾಲ ಗೊತ್ತಾಗುವುದು. ನಾವು ಅಕೌಂಟೆನ್ಸಿ ಓದುವವರು. ವೋಚರ್ ಇಲ್ಲದೆ ಎಂಟ್ರಿ ಇಲ್ಲ ಎಂದು ಮೊದಲ ದಿನವೇ ಕಲಿತಿದ್ದೇವೆ. ನಾನು ಚೂರನ್ನು ತಂದೆ, ಅದರ ವೋಚರ್ ಅಲ್ಲೇ ಬಿಟ್ಟು ಬಂದೆ.

ಅಮೆರಿಕದ ಅರಿಜೋನಾದಲ್ಲಿ ನಂಪೆಯೊ ಎಂಬ ಕುಂಬಾರ ಮಹಿಳೆ ಇದ್ದರು. ಸಿಕ್ಯಾಟ್ಕಿ ಎಂಬ ಪಾಳುಬಿದ್ದ ಊರಿನ ಹಳೆಯ ಮಡಕೆ, ಚೂರುಗಳ ಚಿತ್ತಾರ ನೋಡಿ ಕಲಿತು, ತಮ್ಮ ಹೊಸ ಮಡಕೆಗಳ ಮೇಲೆ ಬರೆದರು. ಹೋಪಿ ಜನರ ನಡುವೆ ಆ ಚಿತ್ತಾರ ಇಂದಿಗೂ ಉಳಿದಿದೆ. ಅದನ್ನು ಓದಿದಾಗ ನಾಚಿಕೆಯಾಯಿತು. ಅವರು ಚೂರು ನೋಡಿ ಒಂದು ಕಲೆಯನ್ನೇ ಎಬ್ಬಿಸಿದರು. ನಾನು ಪೆನ್ಸಿಲ್ ಡಬ್ಬಿಯಲ್ಲಿ ಬಚ್ಚಿಟ್ಟಿದ್ದೆ.

ಅಬ್ಬುಗೆ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. "ನಿನ್ನದಲ್ಲದ್ದು ಅಮಾನತ್ತು. ಹಿಂತಿರುಗಿಸು" ಎಂದರು, ಅಷ್ಟೇ. ಹತ್ತಿಯಲ್ಲಿ ಸುತ್ತಿ ಮಾಮೂ ಕೈಗೆ ಕೊಟ್ಟೆ. ಚಿತ್ರದುರ್ಗದ ಮ್ಯೂಸಿಯಂನಲ್ಲಿ ಒಪ್ಪಿಸುತ್ತೇನೆ ಎಂದಿದ್ದಾರೆ. ಜೊತೆಗೆ ಒಂದು ಚೀಟಿ ಬರೆಯಲು ಕೂತೆ: 'ಸಿಕ್ಕ ಜಾಗ'. ಕೆರೆಯ ಹತ್ತಿರವೋ, ಬಂಡೆಯ ಕೆಳಗೋ? ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಚೀಟಿಯಲ್ಲಿ 'ಚಂದ್ರವಳ್ಳಿ' ಎಂದಷ್ಟೇ ಬರೆದೆ.

ಕೊಡುವ ಮುಂಚೆ ಅದರ ಗೆರೆಗಳನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೇನೆ. ಬರುವ ಈದ್‌ಗೆ ಅದನ್ನೇ ಹಾಕುತ್ತೇನೆ ಎಂದಿದ್ದಾರೆ ದಾದಿ.

– ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ