ಗಳಗನಾಥಕ್ಕೆ ಹೋಗುವ ಮುನ್ನ ಮುಕ್ಕಾಲು ಕಿಲೋಮೀಟರ್

2023ರ ಜನವರಿ. ಅವ್ವನಿಗೆ ಗಳಗನಾಥದ ಸಂಗಮ ತೋರಿಸೋಣ ಅಂತ ಬೆಂಗಳೂರು ಬಿಟ್ಟೆ. ಅವಳು ಬ್ಯಾಡಗಿಯಲ್ಲಿ ಮಾಮಾನ ಮನೆಯಲ್ಲಿದ್ದಳು. ಹಳೆಯ ಎನ್‌ಎಚ್ 4, ಈಗಿನ 48, ಮುನ್ನೂರು ಕಿಲೋಮೀಟರ್ ದಾಟಿದ್ದೇ ಗೊತ್ತಾಗಲಿಲ್ಲ. ರಾಣೆಬೆನ್ನೂರು ದಾಟಿ ಮೋಟೆಬೆನ್ನೂರಿನಲ್ಲಿ ಎಡಕ್ಕೆ ತಿರುಗಿದೆ. ಬ್ಯಾಡಗಿ ಮುಖ್ಯರಸ್ತೆಗೆ ಬಂದ ಮೇಲೆ ಮಾತ್ರ ಗೊತ್ತಾಯಿತು.

ಇದು ಗಜೇಂದ್ರಗಡ–ಸೊರಬ ರಾಜ್ಯ ಹೆದ್ದಾರಿ. ಊರ ಹೊರಗೆ ಹೆದ್ದಾರಿಯ ಹಾಗೇ ಇದೆ, ಊರೊಳಗೆ ಒಂದು ಕಿಲೋಮೀಟರೂ ಇಲ್ಲದಷ್ಟು ಮಾತ್ರ ಆಗ ಓಣಿಯಾಗಿಬಿಡುತ್ತಿತ್ತು. ಅಗಲ ಮಾಡುವ ಮಾತು ವರ್ಷಗಳಿಂದ ನಡೆದಿತ್ತು: ಸರ್ವೆ, ಗುರುತು, ಕೋರ್ಟು, ಬಂದ್, ಮತ್ತೆ ಸರ್ವೆ. ಮೆಣಸಿನಕಾಯಿ ಸೀಸನ್ ಬೇರೆ. ಚೀಲ ತುಂಬಿದ ಲಾರಿ ಎದುರು, ಹಿಂದೆ ಟ್ರ್ಯಾಕ್ಟರು, ಗಾಳಿಯಲ್ಲಿ ಘಾಟು. ಅರ್ಧ ತಾಸು ಸೀನುತ್ತಾ ಕೂತೆ.

ಸಿಟ್ಟಿನಲ್ಲೇ ಮಾಮಾನ ಅಂಗಡಿ ಹೊಕ್ಕು, "ಈ ರಸ್ತೆ ಯಾವಾಗ ಒಡೀತಾರ ಮಾಮಾ?" ಅಂದೆ.

ಮಾಮಾ ನಕ್ಕ. "ನೀ ಈಗ ನಿಂತೀಯಲ್ಲ, ಅಲ್ಲೀತನ ಹೋಗತದ ತಮ್ಮಾ."

ನಾನು ನಿಂತದ್ದು ಕೌಂಟರ್ ಮುಂದೆ. ಹಿಂದೆ ಉಳಿಯುವುದು ಒಂದು ಕಪಾಟು, ದೇವರ ಫೋಟೊ, ಅಷ್ಟೇ. "ರಸ್ತಾ ಬ್ಯಾಡ ಅಂತ ಯಾರ್ ಅಂತಾರ? ನನಗೂ ಬೇಕು. ರೊಕ್ಕ ಎಷ್ಟು, ಯಾವಾಗ ಅಂತ ಕೇಳಿದ್ರ ಯಾರೂ ಬಾಯಿ ಬಿಡವಲ್ರು." ಆಫೀಸಿನಲ್ಲಾದರೆ ಕೋಡ್ ಒಡೆಯುವ ಮೊದಲು ವಾಪಸ್ ಬರುವ ದಾರಿ ಇಟ್ಟುಕೊಳ್ಳುತ್ತೇವೆ. ಕೌಂಟರಿಗೆ ಅಂಥದ್ದಿಲ್ಲ.

ಮಧ್ಯಾಹ್ನ ಹಾವೇರಿ, ಗುತ್ತಲ ದಾಟಿ ಗಳಗನಾಥ ಮುಟ್ಟಿದೆವು. ತುಂಗಭದ್ರೆಗೆ ವರದೆ ಸೇರುವ ಜಾಗ. ದಡದಲ್ಲೇ ಚಾಲುಕ್ಯರ ಕಾಲದ ಗಳಗೇಶ್ವರ. ಗುಡಿಗಿಂತ ಅದರ ಬುಡ ನೋಡಬೇಕು: ಗೋಡೆಯ ಸುತ್ತ ಇಳಿಜಾರಾಗಿ ಕಲ್ಲು ಪೇರಿಸಿ, ಪಿರಮಿಡ್ಡಿನ ಹಾಗೆ ಒತ್ತು ಕೊಟ್ಟಿದ್ದಾರೆ. ಅವ್ವ ಆ ಕಲ್ಲಿಗೆ ಬೆನ್ನು ಕೊಟ್ಟು ಕೂತಳು.

ಈ ಊರಿನ ಹೆಸರನ್ನೇ ಇಟ್ಟುಕೊಂಡ ಕಾದಂಬರಿಕಾರ ಗಳಗನಾಥರು, 1869ರಲ್ಲಿ ಹುಟ್ಟಿದವರು, ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರಂತೆ. ಅವ್ವನಿಗೆ ಹೇಳಿದೆ. ಅವಳ ತಲೆಯಲ್ಲಿ ಇನ್ನೂ ಅಂಗಡಿಯೇ ಇತ್ತು.

"ಆ ಅಂಗಡಿ ಕಟ್ಟೀಮ್ಯಾಲೇ ಕೂತು ನಿನಗ ಉಣಿಸೀನಿ," ಅಂದಳು.

ವಾಪಸ್ ಹೊರಟಾಗ ಗೂಗಲ್ ಮ್ಯಾಪು ಬ್ಯಾಡಗಿ ಮುಖ್ಯರಸ್ತೆಯನ್ನು ಕೆಂಪಾಗಿ ತೋರಿಸಿತು. ಬಳಸಿ ಹೋಗಬಹುದಿತ್ತು. ಹೋಗಲಿಲ್ಲ.