ಗುದ್ದಲಿ ಪೂಜೆಗೆ ಮುಂಚೆ ಬಾಗಿಲು ಯಾವ ಕಡೆ ಅಂತ ಕೇಳಿ



ಈ ಪೋಸ್ಟ್ ಜೊತೆ ಐದು ಚಿತ್ರ ಹಾಕಿದ್ದೀನಿ. ನಿನ್ನೆ ವಾಟ್ಸಾಪಲ್ಲಿ ಕಳಿಸಿದಾಗ ಇಬ್ಬರು ಫೋನ್ ಮಾಡಿ "ಯಾವೂರಣ್ಣ ಈ ಭವನ? ಒಂದ್ಸಲ ಹೋಗಿ ನೋಡ್ಕೊಂಡು ಬರೋಣ" ಅಂದರು. ಹೋಗೋಕಾಗಲ್ಲ. ಈ ಕಟ್ಟಡ ಇನ್ನೂ ಎಲ್ಲೂ ಇಲ್ಲ.

ನಮ್ಮ ಕೇರಿಯ ಅಂಬೇಡ್ಕರ್ ಭವನ ಹೇಗಿರಬಹುದು ಅಂತ ನನ್ನ ಅಕ್ಕನ ಮಗಳು ಕಂಪ್ಯೂಟರಲ್ಲಿ ಕಟ್ಟಿದ ಮಾದರಿ ಇದು. ಆರ್ಕಿಟೆಕ್ಚರ್ ಮೂರನೇ ವರ್ಷ ಓದ್ತಿದ್ದಾಳೆ. ಸ್ಕೆಚ್‌ಅಪ್‌ನಲ್ಲಿ ಗೋಡೆ, ಕಂಬ, ಮೆಟ್ಟಿಲು ಎಬ್ಬಿಸಿ, ಆಮೇಲೆ ಬ್ಲೆಂಡರ್‌ಗೆ ಹಾಕಿ ಬಿಸಿಲು, ನೆರಳು, ಇಟ್ಟಿಗೆ ಬಣ್ಣ ಕೊಟ್ಟಿದ್ದಾಳೆ. ರೆಂಡರ್ ಮಾಡೋದು ಅಂದರೆ ಇದೇ. ಬ್ಲೆಂಡರ್ ಉಚಿತ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಅವಳದು ಹಳೇ ಲ್ಯಾಪ್‌ಟಾಪ್, ಒಂದೊಂದು ಚಿತ್ರಕ್ಕೆ ಒಂದೊಂದು ರಾತ್ರಿ ಹಿಡೀತು.

ನಾನು ಕಚೇರಿ ಗುಮಾಸ್ತ. ಕಟ್ಟಡಗಳ ಫೈಲು ನನ್ನ ಟೇಬಲ್ ಮೇಲೆ ಹಾದು ಹೋಗ್ತಾವೆ. ಅದರಲ್ಲಿ ನಕ್ಷೆ ಇರುತ್ತೆ, ಅಂದಾಜು ಪಟ್ಟಿ ಇರುತ್ತೆ, ಮಂಜೂರಾತಿ ಆದೇಶ ಇರುತ್ತೆ. "ಕೇರಿಯ ಜನಕ್ಕೆ ತೋರಿಸಲಾಗಿದೆ" ಅನ್ನೋ ಒಂದು ಹಾಳೆ ಮಾತ್ರ ನಾನು ಕಂಡಿಲ್ಲ. ನಕ್ಷೆ ಎಂಜಿನಿಯರಿಗೆ ಅರ್ಥ ಆಗುತ್ತೆ, ಕಂಟ್ರಾಕ್ಟರಿಗೆ ಅರ್ಥ ಆಗುತ್ತೆ. ನಮ್ಮವರಿಗೆ ಗೊತ್ತಾಗೋದು ಗುದ್ದಲಿ ಪೂಜೆ ದಿನ. ನಮ್ಮೂರಲ್ಲಿ ಈಗಿರೋ ಭವನ ಹಾಗೇ ಬಂದದ್ದು. ಮುಖ ಕೇರಿ ಕಡೆ, ಬೆನ್ನು ರಸ್ತೆಗೆ. ಎರಡು ಸಣ್ಣ ಕಿಟಕಿ. ಏಪ್ರಿಲ್ 14ಕ್ಕೆ ಬೀಗ ತೆಗೀತಾರೆ, ಸಂಜೆಗೆ ಹಾಕ್ತಾರೆ.

ನಮ್ಮವ್ವ ಓದಿಲ್ಲ. ಮೊದಲು ನಕ್ಷೆ ತೋರಿಸಿದಾಗ "ಇದೇನು ರಂಗೋಲಿ ಇದ್ದಂಗೈತೆ" ಅಂದಳು. ರೆಂಡರ್ ತೋರಿಸಿದ ಕೂಡಲೇ ಪ್ರಶ್ನೆ ಶುರು. "ಬಾಗ್ಲು ಯಾವ ಕಡೀಕೈತೆ? ಅಡುಗೆ ಪಾತ್ರೆ ಎಲ್ಲಿ ತೊಳೀಬೇಕು? ಹೆಣ್ಮಕ್ಳು ಹೊರಗೋಗಾಕೆ ಜಾಗ ಎಲ್ಲಿ?" ಯಾವ ಫೈಲಿನಲ್ಲೂ ಈ ಮೂರು ಪ್ರಶ್ನೆ ನಾನು ಓದಿಲ್ಲ.

ಬಾಗಿಲಿನ ವಿಷಯ ದೊಡ್ಡದಾಯ್ತು. ಹುಡುಗಿ ಅದನ್ನ ರಸ್ತೆ ಕಡೆ ಇಟ್ಟಿದ್ದಳು. ನಮ್ಮ ದೊಡ್ಡಪ್ಪ ಒಪ್ಪಲಿಲ್ಲ. "ಅದು ಊರೋರ ತೇರು ಹೋಗೋ ದಾರಿ ಕಣಮ್ಮಿ. ಸುಮ್ನೆ ಗಲಾಟೆ ಯಾಕೆ, ಒಳಗಡೀಕೇ ಇರ್ಲಿ." ಆ ರಸ್ತೇಲಿ ಚಪ್ಪಲಿ ಕೈಲಿ ಹಿಡ್ಕೊಂಡು ನಡೆದವರು ಅವರು. ಅವರ ಭಯವನ್ನ ನಗೋ ಹಕ್ಕು ನಮಗ್ಯಾರಿಗೂ ಇಲ್ಲ. ಅವಳು "ಎರಡೂ ಮಾಡಿ ತೋರಿಸ್ತೀನಿ ತಾತ" ಅಂದಳು. ಮೂರನೇ ಮತ್ತು ನಾಲ್ಕನೇ ಚಿತ್ರ ಅವೇ. ಒಂದರಲ್ಲಿ ರಸ್ತೆಯಿಂದ ನೋಡಿದರೆ ಬರೀ ಗೋಡೆ. ಇನ್ನೊಂದರಲ್ಲಿ ಜಗಲಿ ಮೇಲೆ ಒಬ್ಬ ಹುಡುಗ ಪುಸ್ತಕ ಹಿಡಿದು ಕೂತಿದ್ದಾನೆ.

ಹೆಂಗಸರೆಲ್ಲ ರಸ್ತೆ ಕಡೆಯದ್ದೇ ಅಂದರು. ದೊಡ್ಡಪ್ಪ ಫೋನನ್ನ ತುಂಬ ಹೊತ್ತು ಹತ್ತಿರ ಹಿಡ್ಕೊಂಡು ನೋಡಿದರು. ಆಮೇಲೆ ಅಂದರು: "ಹಂಗಾದ್ರೆ ಜಗಲಿ ಇನ್ನೊಂದು ಮೊಳ ಎತ್ರ ಮಾಡು. ಕೂತ್ಕಂಡ್ರೆ ರಸ್ತೆ ಕಾಣ್ಬೇಕು."

ಕಂಪ್ಯೂಟರಲ್ಲಿ ಬಾಗಿಲು ತಿರುಗಿಸೋಕೆ ಒಂದು ರಾತ್ರಿ ಸಾಕು. ಸಿಮೆಂಟು ಬಿದ್ದ ಮೇಲೆ ಒಂದು ತಲೆಮಾರು ಹೋದರೂ ತಿರುಗಲ್ಲ. ಜಗಳ ಆಡೋದಿದ್ದರೆ ಈಗಲೇ ಆಡಬೇಕು.

ಹಾಗಂತ ಈ ಚಿತ್ರಗಳನ್ನ ಕಣ್ಣುಮುಚ್ಚಿ ನಂಬಬೇಡಿ. ರೆಂಡರಲ್ಲಿ ಯಾವಾಗಲೂ ಒಳ್ಳೇ ಬಿಸಿಲು, ಹಸಿರು ಹುಲ್ಲು. ಇದಕ್ಕೆ ಸಿದ್ಧವಾಗಿ ಸಿಗೋ ಮನುಷ್ಯರ ಬೊಂಬೆಗಳು ಬಹಳಷ್ಟು ಕೋಟು ಹಾಕಿರ್ತಾವೆ, ಕೈಲಿ ಕಾಫಿ ಕಪ್ಪು. ಅವಳು ಅವನ್ನೆಲ್ಲ ತೆಗೆದು, ಕೇಳಿ ಒಪ್ಪಿಸಿ, ನಮ್ಮ ಕೇರಿಯವರನ್ನೇ ನಿಲ್ಲಿಸಿದಳು. "ಚರಂಡಿ ಎಲ್ಲಮ್ಮ?" ಅಂತ ನಾನು ಕೇಳಿದೆ. ಚಂದದ ಚಿತ್ರದಲ್ಲಿ ಚರಂಡಿ ಇರಲ್ಲ, ಅದಕ್ಕೆ ಇಳಿಯೋನೂ ಇರಲ್ಲ. ಮಲ ಹೊರಿಸೋದನ್ನ ನಿಷೇಧಿಸಿದ ಕಾನೂನು 2013ರಲ್ಲೇ ಬಂತು. ಗುಂಡಿಗೆ ಮನುಷ್ಯ ಇಳಿಯೋದು ನಿಂತಿಲ್ಲ. ಐದನೇ ಚಿತ್ರದಲ್ಲಿ ಎರಡು ಗುಂಡಿಯ ಶೌಚಾಲಯ ಇದೆ. ಒಂದು ತುಂಬಿದರೆ ಮುಚ್ಚಿ ಇನ್ನೊಂದಕ್ಕೆ ತಿರುಗಿಸೋದು, ಮೊದಲಿನದು ಕಾಲಕ್ರಮೇಣ ಒಣಗಿ ಗೊಬ್ಬರ ಆಗುತ್ತೆ. ಇನ್ನೊಂದು ಉಪಯೋಗ ಹೇಳ್ತೀನಿ. ಸ್ಕೆಚ್‌ಅಪ್‌ಗೆ ಊರಿನ ಜಾಗ, ತಿಂಗಳು, ಗಂಟೆ ಕೊಟ್ಟರೆ ನೆರಳು ಎಲ್ಲಿ ಬೀಳುತ್ತೆ ಅಂತ ತೋರಿಸುತ್ತೆ. ಏಪ್ರಿಲ್ ಮಧ್ಯಾಹ್ನ ನಾಲ್ಕಕ್ಕೆ ಓದೋ ಕೋಣೆಗೆ ನೇರ ಬಿಸಿಲು ಹೊಡೀತಿತ್ತು. ಕೋಣೆಯನ್ನ ಉತ್ತರಕ್ಕೆ ಸರಿಸಿದಳು.

ಕಟ್ಟಡ ಯೋಚನೆ ಮಾಡೋದು ನಮ್ಮವರಿಗೆ ಹೊಸದೇನಲ್ಲ. 1930ರ ದಶಕದಲ್ಲಿ ಬಾಬಾಸಾಹೇಬರು ಮುಂಬೈನ ದಾದರಿನಲ್ಲಿ ರಾಜಗೃಹ ಕಟ್ಟಿಸಿದಾಗ ಪುಸ್ತಕಗಳಿಗೆ ಜಾಗ ಬೇಕು ಅನ್ನೋದೇ ಅವರ ದೊಡ್ಡ ಯೋಚನೆ. ನಾಗಪುರದ ದೀಕ್ಷಾಭೂಮಿ ನೋಡಿ. ಶಿಯೋ ದಾನ್ ಮಲ್ ಸಾಂಚಿ ಸ್ತೂಪದ ಆಕಾರ ತಗೊಂಡರು. ಸಾಂಚಿಯದು ಒಳಗೆ ಗಟ್ಟಿ, ಜನ ಹೊರಗೆ ಸುತ್ತಬೇಕು. ದೀಕ್ಷಾಭೂಮಿಯ ಗುಮ್ಮಟದೊಳಗೆ ಜನ ಹೋಗಿ ಕೂರಬಹುದು. 2001ರ ಡಿಸೆಂಬರ್ 18ರಂದು ರಾಷ್ಟ್ರಪತಿ ಕೆ.ಆರ್. ನಾರಾಯಣನ್ ಅದನ್ನ ಉದ್ಘಾಟಿಸಿದರು. ನಮ್ಮವರನ್ನ ಒಳಗೆ ಕರೆಯೋ ಕಟ್ಟಡ ಅಂದರೆ ಅದು.

ನಮ್ಮ ಭವನಕ್ಕೆ ಇನ್ನೂ ಮಂಜೂರಾತಿ ಇಲ್ಲ, ಅರ್ಜಿ ಕೊಡ್ತಿದ್ದೀವಿ. ಈ ಸಲ ಅರ್ಜಿ ಜೊತೆ ಈ ಚಿತ್ರಗಳೂ ಹೋಗ್ತಾವೆ. ನಿಮ್ಮೂರಲ್ಲಿ ಭವನ, ಹಾಸ್ಟೆಲ್ ಏನೇ ಬರಲಿ, ಗುದ್ದಲಿ ಪೂಜೆಗೆ ಮುಂಚೆ ಚಿತ್ರ ತೋರಿಸಿ ಅಂತ ಕೇಳಿ. 2013ರ ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆ ಪ್ರಕಾರ ಬರೋ ದುಡ್ಡು ಯಾರೂ ಕೊಡೋ ಭಿಕ್ಷೆ ಅಲ್ಲ. ಆರ್ಕಿಟೆಕ್ಚರ್ ಓದ್ತಿರೋ ನಮ್ಮ ಹುಡುಗ ಹುಡುಗಿಯರು ಕಾಲೇಜಿಗೆ ಮಾಡೋ ವಿಲ್ಲಾ, ಮಾಲ್ ಜೊತೆಗೆ ತಮ್ಮ ಕೇರಿಗೂ ಒಂದು ಡಿಸೈನ್ ಮಾಡಿ ಹಂಚಿಕೊಳ್ಳಲಿ.

ಬರೀ ಹಾರ್ಟ್ ಒತ್ತಿ ಹೋಗಬೇಡಿ. ಮನೆಯ ಹಿರಿಯರಿಗೆ ಚಿತ್ರ ತೋರಿಸಿ, ಅವರೇನು ಕೇಳಿದರು ಅಂತ ಕೆಳಗೆ ಬರೀರಿ. ಹುಡುಗಿ ಓದ್ತಾಳೆ, ತಿದ್ದುತಾಳೆ.

ಜೈ ಭೀಮ್.