ಬಿಟ್ಟಿ ಗಾಳಿಯ ಬಿಲ್ಲು

ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡ ಎಂಬ ಗಾದೆ ಕಟ್ಟಿದವರು ಏರ್ ಕಂಪ್ರೆಸರ್ ನೋಡಿರಲಿಕ್ಕಿಲ್ಲ. ಪಂಕ್ಚರ್ ಅಂಗಡಿಯ ಮೂಲೆಯಲ್ಲಿ ಮೈತುಂಬ ಜಿಡ್ಡು ಮೆತ್ತಿಕೊಂಡು ಕೂತಿರುವ ಆ ಯಂತ್ರ ದಿನವಿಡೀ ಮಾಡುವುದು ಅದೇ ಕೆಲಸ, ಗಾಳಿಗೆ ಗುದ್ದುವುದು. ಅದರ ಮೈ ನೋಯುತ್ತದೋ ಇಲ್ಲವೋ, ಕಾಯುವುದಂತೂ ಖಂಡಿತ. ನನಗೆ ಈ ಯಂತ್ರದ ಮೇಲೆ ಮೊದಲಿಂದಲೂ ಮೋಹ. ಅದರ ಮೈಕಟ್ಟಿನಲ್ಲಿ ಗುಟ್ಟು ಅನ್ನುವುದೇ ಇಲ್ಲ, ನಿಂತು ನೋಡಿದರೆ ಎಲ್ಲವನ್ನೂ ಹೇಳಿಬಿಡುತ್ತದೆ. ಸಿಲಿಂಡರಿನ ಸುತ್ತ ಒತ್ತೊತ್ತಾಗಿ ಎದ್ದ ಲೋಹದ ರೆಕ್ಕೆಗಳು. ಬೆಲ್ಟು ಹಾಯುವ ದೊಡ್ಡ ಚಕ್ರದ ಅರಗಳನ್ನು ಫ್ಯಾನಿನ ಎಲೆಗಳ ಹಾಗೆ ಓರೆ ಮಾಡಿದ್ದಾರೆ, ಚಕ್ರ ತಿರುಗಿದಷ್ಟು ಹೊತ್ತೂ ಸಿಲಿಂಡರಿನ ಮೇಲೆ ಗಾಳಿ ಬೀಸಲಿ ಅಂತ. ಸಿಲಿಂಡರಿನಿಂದ ಟ್ಯಾಂಕಿಗೆ ಇಳಿಯುವ ಪೈಪನ್ನು ಮರೆತು ಮುಟ್ಟಿದರೆ ಬೆರಳಲ್ಲಿ ಬೊಬ್ಬೆ ಏಳುತ್ತದೆ. ಗಾಳಿ ಒತ್ತುವುದಕ್ಕಿಂತ ಬಿಸಿ ಕಳೆಯುವುದಕ್ಕೇ ಹೆಚ್ಚು ಏರ್ಪಾಡು. ಇದನ್ನು ನೋಡಿ ನೋಡಿ ನನ್ನಲ್ಲೊಂದು ಅನುಮಾನ ಹುಟ್ಟಿ, ಈಗ ನಂಬಿಕೆಯಾಗಿ ಕೂತಿದೆ: ಕಂಪ್ರೆಸರ್ ಅಂದರೆ ಒಂದು ಒಲೆ, ಒತ್ತಿದ ಗಾಳಿ ಆ ಒಲೆಯ ಪಕ್ಕದಲ್ಲಿ ಸಿಗುವ ಲಾಭ. ಪಿಸ್ಟನ್, ಸ್ಕ್ರೂ, ವೇನ್, ಸ್ಕ್ರೋಲ್ ಎಂದು ಅದರಲ್ಲಿ ಎಷ್ಟು ಬಗೆ ಇದ್ದರೂ, ಅವೆಲ್ಲ ಈ ಬಿಸಿಯ ಕಾಟವನ್ನು ತಡೆದುಕೊಳ್ಳಲು ಮನುಷ್ಯ ಹೂಡಿದ ಬೇರೆ ಬೇರೆ ಉಪಾಯಗಳು.

ಲೆಕ್ಕ ಹಾಕಿದರೆ ಈ ಮಾತು ಅಷ್ಟೇನೂ ವಿಚಿತ್ರವಾಗಿ ಕಾಣುವುದಿಲ್ಲ. ರಾಬರ್ಟ್ ಬಾಯ್ಲ್ 1662ರಲ್ಲಿ ಪ್ರಕಟಿಸಿದ ನಿಯಮ ಶಾಲೆಯಲ್ಲಿ ಎಲ್ಲರಿಗೂ ಬಾಯಿಪಾಠ: ಒತ್ತಡ ಎರಡರಷ್ಟಾದರೆ ಗಾತ್ರ ಅರ್ಧ. ಗಾಜಿನ ಕೊಳವೆಗೆ ಪಾದರಸ ಸುರಿಯುತ್ತ ನಿಧಾನವಾಗಿ ಅಳೆದದ್ದು ಅದು, ಬಾಯ್ಲನಿಗೆ ಪುರುಸೊತ್ತಿತ್ತು. ನಿಮಿಷಕ್ಕೆ ನೂರಾರು ಸಲ ಮೇಲೆ ಕೆಳಗೆ ಓಡುವ ಪಿಸ್ಟನ್ನಿಗೆ ಆ ಪುರುಸೊತ್ತಿಲ್ಲ. 27 ಡಿಗ್ರಿ ಬಿಸಿಯಿರುವ ಗಾಳಿಯ ಒತ್ತಡ ಎಂಟು ಪಟ್ಟಾಗುವಂತೆ ಒಂದೇ ಏಟಿಗೆ ಗುದ್ದಿದರೆ, ಬಿಸಿ ಹೊರಹೋಗಲು ದಾರಿ ಕೊಡದಿದ್ದರೆ, ಅದು 270 ಡಿಗ್ರಿಯ ಆಸುಪಾಸಿಗೆ ಏರುತ್ತದೆ. ಎಣ್ಣೆ ಸುಟ್ಟು ವಾಲ್ವಿನ ಮೇಲೆ ಕರಕಲು ಕಟ್ಟಲು ಅಷ್ಟು ಸಾಕು. ಅದೇ ಕೆಲಸವನ್ನು ಎರಡು ಕಂತಿನಲ್ಲಿ ಮಾಡಿ, ನಡುವೆ ಗಾಳಿಯನ್ನು ಪೂರ್ತಿ ತಣಿಸಿದರೆ ಪ್ರತಿ ಕಂತಿನಲ್ಲೂ ಬಿಸಿ 130ರ ಹತ್ತಿರ ನಿಲ್ಲುತ್ತದೆ. ಬೇಕಾಗುವ ಶ್ರಮವೂ ಪುಸ್ತಕದ ಲೆಕ್ಕದಲ್ಲಿ ಶೇ. 15ರಷ್ಟು ಕಡಿಮೆ. ಲಾರಿ ಟೈರಿಗೆ ಗಾಳಿ ಹೊಡೆಯುವ ಅಂಗಡಿಯ ಕಂಪ್ರೆಸರಿನಲ್ಲಿ ಒಂದು ದಪ್ಪ ಸಿಲಿಂಡರ್, ಒಂದು ಸಣ್ಣ ಸಿಲಿಂಡರ್ ಜೋಡಿ ಕಾಣುವುದು ಇದಕ್ಕಾಗಿ. ದಪ್ಪಗಿರುವುದು ಅಷ್ಟಿಷ್ಟು ಒತ್ತಿ, ನಡುವಿನ ರೆಕ್ಕೆಪೈಪಿನ ಮೂಲಕ ತಣ್ಣಗೆ ಮಾಡಿ ಕೊಟ್ಟದ್ದನ್ನು ಸಣ್ಣದು ಮತ್ತೆ ಒತ್ತುತ್ತದೆ. ಕುಲುಮೆಯ ತಿದಿಗೆ ಈ ತಾಪತ್ರಯ ಇರಲಿಲ್ಲ. ತಿದಿ ಗಾಳಿಯನ್ನು ನೂಕುತ್ತದೆ, ಹಿಂಡುವುದಿಲ್ಲ. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಕ್ಟೆಸಿಬಿಯಸ್ ಸಿಲಿಂಡರಿನೊಳಗೆ ಪಿಸ್ಟನ್ ಆಡಿಸಿ ಗಾಳಿ ತುಂಬಿದ್ದು ನೀರಿನ ವಾದ್ಯವೊಂದನ್ನು ನುಡಿಸುವುದಕ್ಕೆ. ಸಂಗೀತಕ್ಕೆ ಎಂಟು ಪಟ್ಟು ಒತ್ತಡ ಯಾಕೆ ಬೇಕು?

ಇಲ್ಲಿ ಒಂದು ಸೋಜಿಗದ ಮಾತು ಹೇಳಲೇಬೇಕು. ಟ್ಯಾಂಕಿನಲ್ಲಿ ತಣ್ಣಗಾಗಿ ಕೂತ ಒತ್ತಿದ ಗಾಳಿಯಲ್ಲಿ, ಅಷ್ಟೇ ತೂಕದ ಹೊರಗಿನ ಗಾಳಿಗಿಂತ ಹೆಚ್ಚಿನ ಶಕ್ತಿ ಬಹುಮಟ್ಟಿಗೆ ಇರುವುದೇ ಇಲ್ಲ. ಇಂಥ ಗಾಳಿಯ ಒಳಶಕ್ತಿ ನಿಂತಿರುವುದು ಅದರ ಬಿಸಿಯ ಮೇಲೆ. ಬಿಸಿ ಒಂದೇ ಆದರೆ ಶಕ್ತಿಯೂ ಒಂದೇ. ಅಂದರೆ ಮೋಟರು ಉಂಡ ಕರೆಂಟೆಲ್ಲ ರೆಕ್ಕೆಗಳ ಮೂಲಕ, ಪೈಪಿನ ಮೂಲಕ, ಅಂಗಡಿಯ ತಗಡಿನ ಸೂರಿನ ಕೆಳಗೆ ಸೆಕೆಯಾಗಿ ಹರಿದುಹೋಯಿತು. ಹಾಗಾದರೆ ಅದೇ ಗಾಳಿ ಬಂಡೆ ಒಡೆಯುವುದು, ಲಾರಿ ಚಕ್ರದ ನಟ್ಟು ಕಳಚುವುದು ಯಾವ ಬಲದಿಂದ ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಉತ್ತರ ಉಪಕರಣದ ಬಾಯಲ್ಲೇ ಇದೆ. ಹೊತ್ತುಗಟ್ಟಲೆ ಓಡಿದ ಗಾಳಿ ಉಪಕರಣ ಗಾಳಿ ಬಿಡುವ ತೂತಿನ ಬಳಿ ಕೈಗೆ ತಣ್ಣಗೆ ಹತ್ತುತ್ತದೆ, ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಅಲ್ಲಿ ಹಿಮವೂ ಕಟ್ಟುತ್ತದೆ. ಹಿಗ್ಗುವ ಗಾಳಿ ತನ್ನದೇ ಬಿಸಿಯನ್ನು ತೆತ್ತು ಕೆಲಸ ಮಾಡುತ್ತದೆ. ನಾವು ದುಡ್ಡು ಕೊಟ್ಟು ಕೊಂಡದ್ದು ಹಾಗೆ ಹಿಗ್ಗುವ ಅವಕಾಶವನ್ನು ಮಾತ್ರ. ಗಾಳಿಯಿಂದ ಓಡುವ ಮೋಟರಿನಲ್ಲಿ ಒಂದು ಯೂನಿಟ್ ಕೆಲಸ ಪಡೆಯಲು ಕಂಪ್ರೆಸರಿಗೆ ಏಳೆಂಟು ಯೂನಿಟ್ ಕರೆಂಟು ಉಣಿಸಬೇಕಾಗುವುದು ಅದಕ್ಕೇ. ಗಾಳಿ ಬಿಟ್ಟಿ, ಬಿಲ್ಲು ಮಾತ್ರ ಬರುತ್ತದೆ.

ಇಷ್ಟು ದುಬಾರಿಯಾದರೆ ಬಿಟ್ಟುಬಿಡಬಾರದೇ, ನೇರ ವಿದ್ಯುತ್ ಮೋಟರೇ ಸಾಲದೇ ಎನ್ನುವುದು ಇನ್ನೂ ಗಟ್ಟಿಯಾದ ಆಕ್ಷೇಪ. ಅರ್ಧ ಒಪ್ಪುತ್ತೇನೆ. ನೆಲ ಗುಡಿಸುವ ಬದಲು ಗಾಳಿ ಬಿಟ್ಟು ಧೂಳೆಬ್ಬಿಸುವ ಕಾರ್ಖಾನೆಗಳ ಅಭ್ಯಾಸಕ್ಕೆ ನನ್ನಲ್ಲಿ ಯಾವ ಸಮರ್ಥನೆಯೂ ಇಲ್ಲ. ಆದರೆ ಗಾಳಿ ಗೆದ್ದ ಜಾಗಗಳನ್ನು ನೋಡಿದರೆ ಅಲ್ಲೆಲ್ಲ ಬೇರೆ ಯಾವುದಕ್ಕೂ ಪ್ರವೇಶವಿರಲಿಲ್ಲ. ಫ್ರಾನ್ಸ್ ಮತ್ತು ಇಟಲಿಯ ನಡುವೆ ಆಲ್ಪ್ಸ್ ಪರ್ವತವನ್ನು ಕೊರೆದ ಮಾಂಟ್ ಸೆನಿ ಸುರಂಗದ ಕೆಲಸ 1857ರಲ್ಲಿ ಶುರುವಾದಾಗ ಕೈಯಲ್ಲಿದ್ದದ್ದು ಉಳಿ, ಸುತ್ತಿಗೆ, ಮದ್ದು. ಹನ್ನೆರಡು ಕಿಲೋಮೀಟರಿಗೂ ಉದ್ದದ ಬಿಲದೊಳಗೆ ಹಬೆಯಂತ್ರ ಒಯ್ದರೆ ಹೊಗೆಗೆ ಜನವೇ ಸಾಯುತ್ತಾರೆ. ಇಂಜಿನಿಯರ್ ಜರ್ಮೇನ್ ಸೊಮ್ಮಿಯೇ ಬೆಟ್ಟದ ತೊರೆಯ ನೀರನ್ನು ಎತ್ತರದಿಂದ ಬೀಳಿಸಿ, ಆ ನೀರಿನ ಭಾರದಿಂದಲೇ ಗಾಳಿಯನ್ನು ಒತ್ತಿ, ಪೈಪಿನಲ್ಲಿ ಒಳಗೆ ಕಳಿಸಿದ. ಇಲ್ಲಿ ನೀರೇ ಪಿಸ್ಟನ್. ನನ್ನ ವಾದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ, ಏಕೆಂದರೆ ಒತ್ತುವ ನೀರೇ ಬಿಸಿಯನ್ನೂ ಹೀರಿಕೊಳ್ಳುತ್ತಿತ್ತು. 1861ರಲ್ಲಿ ಇಟಲಿಯ ಕಡೆಯಿಂದ ಗಾಳಿಯ ಬೈರಿಗೆಗಳು ಬಂಡೆಗೆ ಬಾಯಿ ಹಾಕಿದವು, 1870ರ ಡಿಸೆಂಬರಿನಲ್ಲಿ ಎರಡು ಕಡೆಯ ಕೊರೆತ ಕೂಡಿಕೊಂಡಿತು. ಬೈರಿಗೆ ಉಗುಳಿದ ಗಾಳಿಯೇ ಒಳಗಿದ್ದವರಿಗೆ ಉಸಿರಾಯಿತು. ಯಾವ ವಿದ್ಯುತ್ ಮೋಟರು ತಾನು ಮಾಡುವ ಕೆಲಸದ ಜೊತೆ ಕೂಲಿಯವನಿಗೆ ಉಸಿರನ್ನೂ ಕೊಡುತ್ತದೆ? ಕೋಲಾರದ ಚಿನ್ನದ ಗಣಿಯಲ್ಲಿ ಶಿವನಸಮುದ್ರದ ಕರೆಂಟು 1902ರಲ್ಲಿ ಬಂದ ಮೇಲೂ ಆಳದ ಬಂಡೆಯ ಮುಖಕ್ಕೆ ಬೈರಿಗೆ ಕೊಟ್ಟು ನಿಂತದ್ದು ಒತ್ತಿದ ಗಾಳಿ. ಬಂಡೆಗೆ ಸಿಕ್ಕಿಬಿದ್ದರೆ ಗಾಳಿಯ ಯಂತ್ರ ಸುಮ್ಮನೆ ನಿಲ್ಲುತ್ತದೆ, ಸುರುಳಿ ಸುಟ್ಟುಕೊಳ್ಳುವುದಿಲ್ಲ, ನೀರಿನಲ್ಲಿ ನಿಂತವನಿಗೆ ಶಾಕ್ ಹೊಡೆಯುವುದೂ ಇಲ್ಲ. (ಆ ಬೈರಿಗೆ ಎಬ್ಬಿಸಿದ ಕಲ್ಲುಧೂಳು ಎಷ್ಟೋ ಜನರ ಶ್ವಾಸಕೋಶ ತಿಂದದ್ದು ಬೇರೆ ಕತೆ, ಅದನ್ನು ಇಲ್ಲಿ ಮುಚ್ಚಿಡಲಾರೆ.)

ಗಾಳಿಯ ಇನ್ನೊಂದು ಗುಣ ಅದು ಸೋತಾಗ ಗೊತ್ತಾಗುತ್ತದೆ. ಜಾರ್ಜ್ ವೆಸ್ಟಿಂಗ್‌ಹೌಸ್ 1869ರಲ್ಲಿ ರೈಲಿಗೆ ಏರ್ ಬ್ರೇಕಿನ ಪೇಟೆಂಟ್ ಪಡೆದ. ಮೊದಲ ಮಾದರಿಯಲ್ಲಿ ಗಾಳಿ ಬಂದರೆ ಬ್ರೇಕು ಹಿಡಿಯುತ್ತಿತ್ತು, ಪೈಪು ಹರಿದರೆ ದೇವರೇ ಗತಿ. ಕೆಲವೇ ವರ್ಷಗಳಲ್ಲಿ ಅವನು ತರ್ಕವನ್ನೇ ತಿರುವಿಹಾಕಿದ. ಪೈಪಿನಲ್ಲಿ ಒತ್ತಡ ಇರುವವರೆಗೆ ಬ್ರೇಕು ಬಿಟ್ಟಿರುತ್ತದೆ, ಒತ್ತಡ ಇಳಿದ ಕೂಡಲೆ ಪ್ರತಿ ಬೋಗಿಯೂ ತನ್ನ ಟ್ಯಾಂಕಿನ ಗಾಳಿಯಿಂದ ತಾನೇ ಬ್ರೇಕು ಹಿಡಿಯುತ್ತದೆ. ಬೋಗಿ ಕಳಚಿಕೊಂಡರೂ ನಿಲ್ಲುತ್ತದೆ. ಗಾಳಿ ಬಂದಾಗ ತೂರಿಕೋ ಎನ್ನುವ ಗಾದೆಯನ್ನು ಈ ಟ್ಯಾಂಕು ಸುಳ್ಳು ಮಾಡುತ್ತದೆ: ಇಲ್ಲಿ ಬಿಡುವಾದಾಗ ತುಂಬಿಟ್ಟ ಗಾಳಿ ಬೇಕಾದಾಗ ಬರುತ್ತದೆ. ಪ್ಯಾರಿಸ್ಸಿನವರು 1880ರ ಸುಮಾರಿಗೆ ಊರಿನ ಗಡಿಯಾರಗಳನ್ನು ಗಾಳಿಯ ಮಿಡಿತದಿಂದ ನಡೆಸಲು ಶುರುಮಾಡಿ, ಆಮೇಲೆ ವರ್ಕ್‌ಶಾಪುಗಳಿಗೂ ನಲ್ಲಿನೀರಿನ ಹಾಗೆ ಬೀದಿಯಡಿಯ ಪೈಪಿನಲ್ಲಿ ಒತ್ತಿದ ಗಾಳಿ ಹರಿಸಿದರು. ವಿದ್ಯುತ್ತು ಮನೆಮನೆ ಹೊಕ್ಕ ಮೇಲೂ ಆ ಜಾಲ ಇಪ್ಪತ್ತನೆಯ ಶತಮಾನದ ಕೊನೆಯ ದಶಕದವರೆಗೆ ಬಾಳಿತು.

ಸರಿ, ಗಾಳಿ ಇರಲಿ, ಪಿಸ್ಟನ್ ಯಾಕೆ, ಅದರ ಕಾಲ ಮುಗಿಯಿತಲ್ಲ ಎನ್ನುವವರಿದ್ದಾರೆ. ಪೀಣ್ಯದಂಥ ಕೈಗಾರಿಕಾ ಪ್ರದೇಶದಲ್ಲಿ ವಿಚಾರಿಸಿದರೆ ದೊಡ್ಡ ಶೆಡ್ಡುಗಳವರು ಸ್ಕ್ರೂ ಕಂಪ್ರೆಸರಿನ ಗುಣಗಾನವನ್ನೇ ಮಾಡುತ್ತಾರೆ. ಅದು ಗುಣಗಾನಕ್ಕೆ ಯೋಗ್ಯವೇ. ಒಂದಕ್ಕೊಂದು ಹೆಣೆದುಕೊಂಡು ತಿರುಗುವ ಎರಡು ತಿರುಪುಗಳು, ಅವುಗಳ ಸಂದಿನಲ್ಲಿ ಸಿಕ್ಕ ಗಾಳಿ ಮುಂದೆ ಮುಂದೆ ಸಾಗುತ್ತ ಕಿರಿದಾಗುತ್ತದೆ. ಗುದ್ದಿಲ್ಲ, ಸದ್ದೂ ಕಡಿಮೆ. ಜರ್ಮನಿಯ ಹೈನ್ರಿಶ್ ಕ್ರಿಗಾರ್ 1878ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದ, ಆದರೆ ಆ ಡೊಂಕು ಮೈಯನ್ನು ಕೂದಲೆಳೆಯ ಸಂದು ಬಿಟ್ಟು ಕಡೆಯಬಲ್ಲ ಯಂತ್ರಗಳು ಆಗ ಇರಲಿಲ್ಲ. 1930ರ ದಶಕದಲ್ಲಿ ಸ್ವೀಡನ್ನಿನ ಆಲ್ಫ್ ಲೀಸ್‌ಹೋಮ್ ಅದನ್ನು ಬಳಕೆಗೆ ತಂದ. ನನ್ನ ದೃಷ್ಟಿಯಲ್ಲಿ ಸ್ಕ್ರೂ ಗೆದ್ದದ್ದು ತಿರುಪಿನ ಜಾಣ್ಮೆಗಿಂತಲೂ ಎಣ್ಣೆಯ ಕೃಪೆಯಿಂದ. ಒತ್ತುವ ಹೊತ್ತಿನಲ್ಲೇ ಗಾಳಿಯೊಳಕ್ಕೆ ಧಾರಾಳವಾಗಿ ಎಣ್ಣೆ ಚಿಮ್ಮಿಸುತ್ತಾರೆ. ಅದು ಸಂದು ಮುಚ್ಚುತ್ತದೆ, ಸವೆತ ತಡೆಯುತ್ತದೆ, ಎಲ್ಲಕ್ಕಿಂತ ಹೆಚ್ಚಾಗಿ ಬಿಸಿಯನ್ನು ಹುಟ್ಟಿದ ಜಾಗದಲ್ಲೇ ಹೀರುತ್ತದೆ. ಹಾಗಾಗಿ ಹೊರಬರುವ ಗಾಳಿ ಸಾಮಾನ್ಯವಾಗಿ 80–90 ಡಿಗ್ರಿಯಲ್ಲಿರುತ್ತದೆ. ಸೊಮ್ಮಿಯೇ ನೀರಿನಿಂದ ಮಾಡಿದ್ದನ್ನು ಇವರು ಎಣ್ಣೆಯಿಂದ ಮಾಡಿದರು. ಆದರೆ ಸ್ಕ್ರೂಗೆ ಸೋಮಾರಿತನ ಆಗಿಬರುವುದಿಲ್ಲ. ಆಗಾಗ ಐದು ನಿಮಿಷ ಓಡಿಸಿ ನಿಲ್ಲಿಸಿದರೆ ಎಣ್ಣೆ ಸಾಕಷ್ಟು ಕಾಯುವುದಿಲ್ಲ, ಗಾಳಿಯ ತೇವ ಅದರಲ್ಲೇ ನೀರಾಗಿ ಬೆರೆತು ಮಜ್ಜಿಗೆಯಂತಾಗುತ್ತದೆ. ಗಂಟೆಗೊಂದು ಟೈರು ಬರುವ ಅಂಗಡಿಗೆ ಓಡಿ, ನಿಂತು, ಆರಿಕೊಂಡು ಮತ್ತೆ ಓಡುವ ಪಿಸ್ಟನ್ನೇ ತಕ್ಕದ್ದು. ಉಳಿದ ಬಗೆಗಳಿಗೂ ಹೀಗೆ ತಮ್ಮ ತಮ್ಮ ಜಾಗವಿದೆ. ಹಲ್ಲಿನ ಡಾಕ್ಟರ ಕುರ್ಚಿಗೆ ಎಣ್ಣೆ ಸೋಂಕದ ಗಾಳಿ ಬೇಕು, ಅಲ್ಲಿ ಎಣ್ಣೆಯಿಲ್ಲದ ಪಿಸ್ಟನ್ನೋ ಎರಡು ಸುರುಳಿಗಳು ಒಂದರೊಳಗೊಂದು ಓಲಾಡುವ ಸ್ಕ್ರೋಲೋ ಇರುತ್ತದೆ. ಹಗಲು ರಾತ್ರಿ ಒಂದೇ ಸಮ ಹೊಳೆಯಂತೆ ಗಾಳಿ ಬೇಕಾದ ದೊಡ್ಡ ಕಾರ್ಖಾನೆಗೆ ಎಲೆಚಕ್ರ ಗಿರ್ರನೆ ತಿರುಗುವ ಸೆಂಟ್ರಿಫ್ಯೂಗಲ್.

ಸ್ಕ್ರೂವಿನ ಪ್ರತಾಪ ನೋಡಬೇಕೆಂದರೆ ಬಯಲುಸೀಮೆಯ ಯಾವುದಾದರೂ ಹೊಲದಲ್ಲಿ ಬೋರ್‌ವೆಲ್ ಲಾರಿ ನಿಂತಲ್ಲಿಗೆ ಹೋಗಬೇಕು. ತಮಿಳುನಾಡಿನ ತಿರುಚೆಂಗೋಡಿನ ಕಡೆಯ ಲಾರಿ, ಅದರ ಬೆನ್ನ ಮೇಲೆ ಡೀಸೆಲ್ ಕುಡಿಯುವ ಕಂಪ್ರೆಸರ್, ಒತ್ತಡ 20 ಬಾರ್‌ಗೂ ಮೇಲೆ. ಗಾಳಿ ರಾಡಿನ ಒಳಗಿಂದ ನೂರಾರು ಅಡಿ ಇಳಿದು ತಳದ ಹ್ಯಾಮರನ್ನು ಕುಟ್ಟಿಸುತ್ತದೆ, ಬರಿಗೈಲಿ ವಾಪಸಾಗದೆ ಕಲ್ಲಿನ ಪುಡಿಯನ್ನು ಹೊತ್ತು ಮೇಲೆ ಬರುತ್ತದೆ. ಆರೂವರೆ ಅಂಗುಲದ ತೂತಿನ ತಳದಲ್ಲಿ ಕುಟ್ಟುವುದನ್ನೂ ಗುಡಿಸುವುದನ್ನೂ ಒಟ್ಟಿಗೆ ಮಾಡುವ ಇನ್ನೊಬ್ಬ ಆಳು ಎಲ್ಲಿ ಸಿಗುತ್ತಾನೆ? ಬಿಳಿ ಧೂಳು ಇದ್ದಕ್ಕಿದ್ದಂತೆ ಕಪ್ಪಗೆ ಒದ್ದೆಯಾದರೆ ಹೊಲದವರ ಮುಖ ಅರಳುತ್ತದೆ. ಏಳೆಂಟು ಪಟ್ಟು ಖರ್ಚಿನ ಮಾತನ್ನು ಆ ಹೊತ್ತಿನಲ್ಲಿ ಅವರ ಮುಂದೆ ಆಡುವ ಧೈರ್ಯ ನನಗಿಲ್ಲ.

ಆದರೆ ಅದೇ ಮಾತನ್ನು ಶೆಡ್ಡಿನ ಗೋಡೆಯ ಪೈಪಿನಲ್ಲಿ ಸುಯ್ಯೆನ್ನುವ ತೂತಿನ ಮುಂದೆ ಧಾರಾಳವಾಗಿ ಆಡಬಹುದು. 7 ಬಾರ್ ಒತ್ತಡದಲ್ಲಿ ಮೂರು ಮಿಲಿಮೀಟರಿನ ಒಂದು ತೂತು ಸೋರಿಸುವ ಗಾಳಿಗೆ ಮೂರರಿಂದ ನಾಲ್ಕು ಕಿಲೋವ್ಯಾಟ್ ಬೇಕು. ಹೆಚ್ಚುಕಡಿಮೆ ಐದು ಅಶ್ವಶಕ್ತಿಯ ಪಂಪ್‌ಸೆಟ್ ಒಂದು ಹಗಲು ರಾತ್ರಿ ಓಡಿದ ಹಾಗೆ. ಎಣ್ಣೆ ಸೋರಿದರೆ ನೆಲ ಜಾರುತ್ತದೆ, ನೀರು ಸೋರಿದರೆ ಗೋಡೆ ಪಾಚಿಗಟ್ಟುತ್ತದೆ, ಯಾರಾದರೂ ಬೈಯುತ್ತಾರೆ. ಗಾಳಿ ಸೋರಿದರೆ ಸ್ವಲ್ಪ ಸದ್ದು, ಅಷ್ಟೆ. ಅಲ್ಲಿಂದ ಹಾಯುವವರು ಆ ತೂತಿಗೆ ಮುಖವೊಡ್ಡಿ ಸೆಕೆ ಆರಿಸಿಕೊಳ್ಳುವುದೂ ಉಂಟು.

ಒತ್ತಿದ ಗಾಳಿ ತಣಿದಾಗ ಬಿಟ್ಟುಕೊಡುವ ಇನ್ನೊಂದು ವಸ್ತುವಿದೆ. ಮಂಗಳೂರಿನ ಮಳೆಗಾಲದ ಗಾಳಿ ಎಂಟು ಘನ ಮೀಟರು ಒಂದರ ಗಾತ್ರಕ್ಕೆ ಹಿಂಡಿಕೊಂಡು ಮತ್ತೆ 30 ಡಿಗ್ರಿಗೆ ಬಂತೆನ್ನಿ. ಅದರಲ್ಲಿದ್ದ ತೇವದ ಬಹುಪಾಲಿಗೆ ಈಗ ಜಾಗವಿಲ್ಲ. ಒಂದು ಲೋಟದಷ್ಟು, ಸುಮಾರು 150 ಗ್ರಾಂ, ಟ್ಯಾಂಕಿನ ತಳಕ್ಕೆ ಇಳಿಯುತ್ತದೆ. ಸಂಜೆ ಬಾಗಿಲು ಹಾಕುವ ಮುಂಚೆ ಅಂಗಡಿಯವನು ಬಗ್ಗಿ ಟ್ಯಾಂಕಿನ ಹೊಟ್ಟೆಯಡಿಯ ನಲ್ಲಿಯನ್ನು ಅರ್ಧ ತಿರುವುತ್ತಾನೆ. ಮೊದಲು ತುಕ್ಕು ಬಣ್ಣದ ನೀರು ಪಿಚಕ್ಕೆಂದು ಚಿಮ್ಮುತ್ತದೆ, ಆಮೇಲೆ ಬಿಳಿ ಮಂಜು, ಆಮೇಲೆ ಬರೀ ಗಾಳಿ. ನಲ್ಲಿಯ ಹಿತ್ತಾಳೆ ಅಷ್ಟರಲ್ಲಿ ಬೆರಳಿಗೆ ತಣ್ಣಗೆ ಕೊರೆಯುತ್ತಿರುತ್ತದೆ.